ಅಡಿಕೆ ತೋಟದ ನೆರಳಿಗೆ ಮೇವಿನ ಬೀಜ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಶಿರಸಿ ಸೀಮೆಯಲ್ಲಿ ಮಳೆಗಾಲ ಹತ್ತಿರವಾದಾಗ, ಗಿನಿ ಹುಲ್ಲು ಮತ್ತು ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ ಬೆರೆಸಿ, ಎಂಥ ನೆರಳಿನಲ್ಲೂ ಬೆಳೆಯುವ ಮೇವೆಂದು ಮಾರುವವರಿದ್ದಾರೆ. ದಯವಿಟ್ಟು ಆ ಮಾತನ್ನು ನಂಬಬೇಡಿ. ಅಂಥ ಒಬ್ಬ ಮಾರಾಟಗಾರರಿಂದ ತಂದ ಬೀಜವನ್ನು, ಅವರು ಹೇಳಿಕೊಟ್ಟ ರೀತಿಯಲ್ಲಿಯೇ, ಕಳೆದ ವರ್ಷ ನಮ್ಮ ಅಡಿಕೆ ಸಾಲುಗಳ ನಡುವೆ ಬಿತ್ತಿದೆವು. ಉಳಿದದ್ದನ್ನು ಮೇಲಿನ ಬೇಣದಲ್ಲಿ, ಅಂದರೆ ಬಯಲು ಹುಲ್ಲುಗಾವಲಿನಲ್ಲಿ, ಹಾಕಿದೆವು.

ಎರಡೂ ಕಡೆ ಬೀಜ ಚೆನ್ನಾಗಿಯೇ ಮೊಳೆಯಿತು. ಕೊಂಡವರು ಮೋಸಹೋಗುವುದು ಈ ಹಂತದಲ್ಲಿಯೇ. ಮೊಳೆಯಲು ಬೀಜದೊಳಗಿನ ಆಹಾರ ಸಾಕು. ಆದರೆ ಗಿನಿ ಹುಲ್ಲಿನ ಬೀಜ ತೀರ ಸಣ್ಣದಾದ್ದರಿಂದ ಆ ಆಹಾರ ಬೇಗ ಮುಗಿದು, ಸಸಿ ಬೆಳಕನ್ನೇ ಅವಲಂಬಿಸಬೇಕಾಗುತ್ತದೆ. ತೋಟದ ಸಸಿಗಳು ಬೇಣದವಕ್ಕಿಂತ ಎತ್ತರವಾಗಿಯೇ ಕಂಡವು. ಕಿತ್ತು ನೋಡಿದರೆ ದಂಟು ನೂಲಿನಂತೆ, ಎಲೆ ತೆಳ್ಳಗೆ, ಬಣ್ಣ ತಿಳಿಹಳದಿ, ಬೇರು ಮಾತ್ರ ಒಂದೆರಡು ಎಳೆ. ಬೇಣದ ಗಿಡ್ಡ ಸಸಿಯನ್ನು ಎಳೆದರೆ ಬೇರಿನ ಗೊಂಚಲು ಮಣ್ಣನ್ನು ಕಚ್ಚಿಕೊಂಡೇ ಮೇಲೆ ಬರುತ್ತಿತ್ತು.

ಮೇಲಿನ ಸೋಗೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಕಿರಣಗಳನ್ನು ಕೆಳಗೆ ಬಿಡುತ್ತದೆ. ಸಸಿಯಲ್ಲಿರುವ ಫೈಟೋಕ್ರೋಮ್ ಎಂಬ ವಸ್ತು ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಆಗ ಬೇರಿಗೂ ಬುಡದಿಂದ ಒಡೆಯುವ ತೆಂಡೆಗೂ ಹೋಗಬೇಕಾದ ಆಹಾರ ದಂಟನ್ನು ಉದ್ದ ಮಾಡಲು ವ್ಯಯವಾಗುತ್ತದೆ. ಅದಕ್ಕೆ ಆಷಾಢದ ಮೋಡವೂ ಸೇರಿತು. ಮಳೆಯ ಹೊಡೆತಕ್ಕೆ ಸಸಿಗಳು ಮಲಗಿ, ಬುಡ ಕೊಳೆತವು. ಬಯಲಿನ ಬಿಸಿಲನ್ನೇ ಬಯಸುವ ಸ್ಟೈಲೋ ತೋಟದಲ್ಲಿ ಒಂದೂ ಉಳಿಯಲಿಲ್ಲ.

ದೂರು ಹೇಳಿದಾಗ ಮಾರಾಟಗಾರರು, ಉಳಿದ ಹುಲ್ಲಿಗೆ ಯೂರಿಯಾ ಹೆಚ್ಚು ಕೊಡಿ ಎಂದರು. ಬೀಜದ ಹಣ ಹೋದದ್ದಕ್ಕಿಂತ ಈ ಸಲಹೆ ನನ್ನನ್ನು ಹೆಚ್ಚು ಕಳವಳಗೊಳಿಸಿತು. ಬೆಳಕು ಕಡಿಮೆಯಿದ್ದಾಗ ಹುಲ್ಲು ಯೂರಿಯಾದಿಂದ ಉಂಟಾದ ನೈಟ್ರೇಟನ್ನು ಹೀರಿದರೂ ಅದನ್ನು ಪೂರ್ತಿಯಾಗಿ ಪ್ರೋಟೀನಾಗಿ ಮಾರ್ಪಡಿಸಲಾರದು, ಅದು ದಂಟಿನಲ್ಲಿಯೇ ಶೇಖರವಾಗುತ್ತದೆ. ಅಂಥ ಮೇವನ್ನು ದನ ಹೆಚ್ಚಾಗಿ ತಿಂದರೆ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿ ಕಳೆದುಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಕೊಟ್ಟಿಗೆಯಲ್ಲಿ ಗಬ್ಬದ ಹಸುವಿರುವವರಂತೂ ಈ ಸಲಹೆಯನ್ನು ಕಿವಿಯ ಮೇಲೂ ಹಾಕಿಕೊಳ್ಳಬಾರದು.

ಗಿನಿ ಹುಲ್ಲು ನೇಪಿಯರ್ ಎಂಬ ಮೇವಿನ ಹುಲ್ಲಿಗಿಂತ ನೆರಳನ್ನು ಹೆಚ್ಚು ತಾಳಿಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಆ ಮಾತು ಅರೆ ನೆರಳಿಗೆ, ಅದರಲ್ಲೂ ಬೇರು ಬಿಟ್ಟು ನೆಲೆಯೂರಿದ ಬುಡಕ್ಕೆ ಸಲ್ಲುತ್ತದೆಯೇ ಹೊರತು ಎಳೆಯ ಸಸಿಗಲ್ಲ. ತೋಟದಲ್ಲಿ ಬೆಳೆಸಲೇಬೇಕೆಂದಿದ್ದರೆ, ಮಧ್ಯಾಹ್ನದ ಬಿಸಿಲು ನೆಲಕ್ಕೆ ಬೀಳುವ ಅಂಚುಗಳಲ್ಲಿ ಬೇರುಸಹಿತ ತೆಂಡೆ ನೆಡಿ. ಸ್ಟೈಲೋ ಬೀಜವನ್ನು ಬೇಣಕ್ಕೇ ಮೀಸಲಿಡಿ. ಚೀಲದ ಮೇಲೆ ಜಾತಿಯ ಹೆಸರು, ಮೊಳಕೆಯ ಪ್ರಮಾಣ ಮತ್ತು ಪರೀಕ್ಷೆಯ ದಿನಾಂಕ ಇಲ್ಲದಿದ್ದರೆ ಹಣ ಕೊಡಬೇಡಿ. ನಮಗೆ ಕೊಟ್ಟ ಚೀಲದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.