ವಾಲೈ ಮೀನಿಗೆ ಯಾವ ಡೈವರ್? ಡಿಪ್ಸಿ, ಜೆಟ್, ಟ್ಯಾಡ್‌ಪೋಲ್ ಮೂರನ್ನೂ ಎಳೆದು ನೋಡಿದ ಮೇಲೆ

ಅಮೆರಿಕದ ಮಿನೆಸೋಟದಲ್ಲಿ ಗಾಳ ಹಾಕುವವರಿಗೆ ವಾಲೈ ಅಂದರೆ ಪ್ರಾಣ. 1965ರಿಂದ ಅದು ಈ ರಾಜ್ಯದ ಅಧಿಕೃತ ಮೀನು. ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುವ ದೊಡ್ಡ ಕಣ್ಣು ಇದರದು. ಮೇ ತಿಂಗಳಲ್ಲಿ ದಡದ ಹತ್ತಿರ ಸಿಗುವ ಮೀನು ನಡುಬೇಸಿಗೆಯಲ್ಲಿ ಹೆಚ್ಚಾಗಿ ಆಳಕ್ಕೆ ಇಳಿದಿರುತ್ತದೆ. ಆಗ ಎರೆಹುಳ ಪೋಣಿಸಿದ ಸ್ಪಿನ್ನರನ್ನೋ (ತಿರುಗುವ ಬಿಲ್ಲೆಯಿರುವ ಗಾಳ) ತೆಳ್ಳನೆಯ ಸ್ಪೂನನ್ನೋ (ಮೀನಿನಂತೆ ಹೊಳೆಯುವ ಲೋಹದ ತಗಡು) 20ರಿಂದ 30 ಅಡಿ ಆಳಕ್ಕೆ ಕಳಿಸಿ, ಬೋಟನ್ನು ನಿಧಾನವಾಗಿ ಓಡಿಸುತ್ತಾ ಎಳೆಯಬೇಕು. ಹಗುರವಾದ ಸ್ಪೂನ್ ತಾನಾಗಿ ಅಷ್ಟು ಕೆಳಗೆ ಹೋಗುವುದಿಲ್ಲ. ಅದನ್ನು ಇಳಿಸುವುದು ಡೈವರ್ ಕೆಲಸ, ಅಂದರೆ ಗಾಳದ ದಾರಕ್ಕೆ (ಲೈನ್) ಸ್ಪೂನಿನ ಮುಂದೆ ಕಟ್ಟುವ ಸಣ್ಣ ಸಾಧನದ್ದು. ತಲೆಕೆಳಗಾದ ಗಾಳಿಪಟ ಇದ್ದ ಹಾಗೆ ಅದು: ಎಳೆದಷ್ಟೂ ನೀರು ಅದನ್ನು ಕೆಳಕ್ಕೆ ಒತ್ತುತ್ತದೆ.

ಡೈವರ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಈರಿ, ಮಿಷಿಗನ್‌ನಂಥ ಮಹಾಸರೋವರಗಳ ಕಡೆಯವು. ಅಲ್ಲಿ ಒಬ್ಬೊಬ್ಬರೂ ಎರಡು ಮೂರು ರಾಡ್ (ಗಾಳದ ಕೋಲು) ಹಾಕುತ್ತಾರೆ. ಮಿನೆಸೋಟದಲ್ಲಿ ತೆರೆದ ನೀರಿನಲ್ಲಿ, ಅಂದರೆ ಮಂಜುಗಡ್ಡೆ ಕಟ್ಟಿರದಾಗ, ಒಬ್ಬರಿಗೆ ಸಾಮಾನ್ಯವಾಗಿ ಒಂದೇ ಲೈನ್. ನಾನೂ ಭಾವನೂ ಹೋದರೆ ಬೋಟಿನಲ್ಲಿ ಎರಡೇ ರಾಡ್. ಈ ಒಂದು ನಿಯಮದಿಂದ ಲೆಕ್ಕವೇ ಬದಲಾಗುತ್ತದೆ.

ನಾವು ಜಾಸ್ತಿ ಓಡಾಡುವುದು ಮಿಲ್ ಲ್ಯಾಕ್ಸ್ ಸರೋವರದಲ್ಲಿ. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 100 ಮೈಲಿ. ವಿಸ್ತಾರ 1,32,000 ಎಕರೆ, ಆದರೆ ಅತಿ ಆಳದ ಜಾಗವೂ 42 ಅಡಿ ಅಷ್ಟೇ. ಇಷ್ಟು ದೊಡ್ಡ, ಇಷ್ಟು ಕಡಿಮೆ ಆಳದ ನೀರು ಅನ್ನುವುದು ನೆನಪಿರಲಿ.

ಮೊದಲು ಡಿಪ್ಸಿ ಡೈವರ್. ದುಂಡನೆಯ ಪ್ಲಾಸ್ಟಿಕ್ ತಟ್ಟೆ, ಒಳಗೆ ಭಾರ, ಅಡಿಯಲ್ಲಿ ತಿರುಗಿಸುವ ಬಿಲ್ಲೆ. ಬಿಲ್ಲೆಯನ್ನು 0ಕ್ಕೆ ಇಟ್ಟರೆ ನೇರ ಕೆಳಗೆ. ಎಡಕ್ಕೋ ಬಲಕ್ಕೋ 1, 2, 3 ಅಂತ ತಿರುಗಿಸಿದರೆ ಆ ಕಡೆಗೆ ಬೋಟಿನಿಂದ ದೂರ ಸರಿಯುತ್ತದೆ, ಆಳ ಕಡಿಮೆಯಾಗುತ್ತದೆ. ಇದರ ಹೆಸರು ದೊಡ್ಡದಾಗಿದ್ದೇ ಈ ಪಕ್ಕಕ್ಕೆ ಸರಿಯುವ ಗುಣದಿಂದ. ಆರು ರಾಡ್ ಇದ್ದರೆ ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ಹರಡಬಹುದು. ಎರಡೇ ರಾಡ್ ಇದ್ದವರಿಗೆ ಇದರಿಂದ ಅಷ್ಟೊಂದು ಲಾಭವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಡಿಪ್ಸಿಯನ್ನು ಮೆಚ್ಚಲೇಬೇಕು. 2005ರಲ್ಲಿ ಮಿಲ್ ಲ್ಯಾಕ್ಸ್‌ನಲ್ಲಿ ಜೀಬ್ರಾ ಚಿಪ್ಪುಹುಳು ಕಾಣಿಸಿಕೊಂಡವು. ನೀರನ್ನು ಸೋಸಿ ತಿನ್ನುವ ಜೀವಿ ಅದು, ಸರೋವರ ಈಗ ತಿಳಿಯಾಗಿದೆ. ಗಾಳಿಯಿಲ್ಲದ ಬಿಸಿಲ ದಿನ ಬೋಟಿನ ನೆರಳಿಗೇ ಮೀನು ಬೆದರುತ್ತದೆ. ಅಂಥ ದಿನ 3ರಲ್ಲಿಟ್ಟ ಡಿಪ್ಸಿ ಮೀನು ತಂದಿದೆ, ನೇರ ಹಿಂದೆ ಬರುವ ಲೈನ್ ಸುಮ್ನೆ ಬಂದಿದೆ. ಆದರೆ ಅದರ ಎಳೆತ ವಿಪರೀತ. ಉದ್ದದ ಗಟ್ಟಿ ರಾಡ್ ಬೇಕು, ರಾಡ್ ಹೋಲ್ಡರ್ ಭದ್ರವಾಗಿರಬೇಕು. ಮೀನು ಕಚ್ಚಿದಾಗ ಕ್ಲಿಪ್ ಬಿಟ್ಟುಕೊಂಡು ತಟ್ಟೆ ಮಲಗುತ್ತದೆ, ಎಳೆತ ಇಳಿಯುತ್ತದೆ. ಹೀಗೆ ಬಿಟ್ಟುಕೊಳ್ಳುವ ಬಿಗಿಯನ್ನು ಸ್ಕ್ರೂನಿಂದ ಸಡಿಲಿಸಬಹುದು. ತುಂಬಾ ಸಡಿಲ ಮಾಡಿದರೆ ಅಲೆಗೇ ಬಿಟ್ಟುಕೊಳ್ಳುತ್ತದೆ. ಬಿಗಿ ಮಾಡಿದರೆ ಹನ್ನೆರಡು ಇಂಚಿನ ಮರಿ ವಾಲೈ ಕಚ್ಚಿ ತೂಗಾಡುತ್ತಿದ್ದರೂ ಗೊತ್ತಾಗುವುದಿಲ್ಲ. ಪಾಪ, ಆ ಮರಿ ಎಷ್ಟು ದೂರ ಎಳೆಸಿಕೊಂಡು ಬಂದಿರುತ್ತದೋ.

ಜೆಟ್ ಡೈವರ್ ಇದಕ್ಕೆ ಪೂರ್ತಿ ವಿರುದ್ಧ. ಬಿಲ್ಲೆ ಇಲ್ಲ, ಕ್ಲಿಪ್ ಇಲ್ಲ, ಹೊಂದಿಸುವುದು ಏನೂ ಇಲ್ಲ. ಮೈಮೇಲಿನ 10, 20, 30 ಅನ್ನುವ ನಂಬರ್ ಸುಮಾರಾಗಿ ಅದು ಹೋಗುವ ಅಡಿಗಳ ಲೆಕ್ಕ, ಸಾಕಷ್ಟು ಲೈನ್ ಬಿಟ್ಟರೆ. ತೆಳು ಬ್ರೇಡ್ (ಹೆಣೆದ) ಲೈನ್ ಕಟ್ಟಿದರೆ ಇನ್ನೂ ಸ್ವಲ್ಪ ಕೆಳಗೆ. ಬೆಲೆಯೂ ಕಡಿಮೆ. ಇದರ ನಿಜವಾದ ಗುಣ ಗೊತ್ತಾಗುವುದು ಬೋಟ್ ನಿಂತಾಗ: ಜೆಟ್ ತೇಲುತ್ತದೆ. ಭಾವನ ರಾಡಿಗೆ ಮೀನು ಬಿದ್ದು ನಾನು ಎಂಜಿನ್ ನ್ಯೂಟ್ರಲ್‌ಗೆ ಹಾಕಿದರೆ, ನನ್ನ ಜೆಟ್ ತಾನಾಗಿ ಮೇಲೆ ಬರುತ್ತದೆ. ಭಾರವಿರುವ ಡಿಪ್ಸಿಯಾದರೆ ಮುಳುಗಿ ಕಲ್ಲಿಗೋ ಜೊಂಡಿಗೋ ಸಿಕ್ಕಿಕೊಳ್ಳುತ್ತದೆ. 25 ಅಡಿ ನೀರಿನಲ್ಲಿ ತಳಕ್ಕೆ ನಾಲ್ಕೈದು ಅಡಿ ಮೇಲೆ ಎಳೆಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ತಿರುವಿನಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಬೋಟ್ ಎಡಕ್ಕೆ ತಿರುಗಿದರೆ ಎಡಗಡೆಯ ಲೈನ್ ನಿಧಾನವಾಗುತ್ತದೆ, ಅಲ್ಲಿನ ಜೆಟ್ ಏರುತ್ತದೆ. ಅದೇ ಜಾಗದಲ್ಲಿ ಡಿಪ್ಸಿ ಇದ್ದರೆ ಇಳಿಯುತ್ತದೆ. ವಾಲೈ ತನಗಿಂತ ಮೇಲಿರುವ ಆಹಾರಕ್ಕೆ ಏರಿ ಬರುತ್ತದೆ, ಕೆಳಗಿನದಕ್ಕೆ ಇಳಿಯುವುದು ಕಡಿಮೆ. ಅದಕ್ಕೇ ಇರಬೇಕು, ತಿರುವಿನಲ್ಲಿ ನಮಗೆ ಜೆಟ್‌ಗೇ ಜಾಸ್ತಿ ಕಚ್ಚಿವೆ. ಕೊರತೆ ಅಂದರೆ, ಮೀನು ಬಿದ್ದ ಮೇಲೂ ಡೈವರ್ ಎಳೆತ ಬಿಡುವುದಿಲ್ಲ. ಎರಡನ್ನೂ ಸೇರಿಸಿಯೇ ಸುತ್ತಬೇಕು.

ಟ್ಯಾಡ್‌ಪೋಲ್ ಇವೆರಡರ ನಡುವಿನದು. ಸಣ್ಣದು, ಭಾರವಾದದ್ದು, ಪಕ್ಕಕ್ಕೆ ಸರಿಯುವುದಿಲ್ಲ. ಮೀನು ಕಚ್ಚಿದ ತಕ್ಷಣ ಬಿಟ್ಟುಕೊಂಡು ಕೆಳಕ್ಕೆ ಎಳೆಯುವ ಗುಣ ಕಳೆದುಕೊಳ್ಳುತ್ತದೆ, ಕೈಗೆ ಸಿಗುವುದು ಮೀನಿನ ಎಳೆತ ಮಾತ್ರ. ಮೆತ್ತಗಿನ ರಾಡಿನಲ್ಲೂ ನಡೆಯುತ್ತದೆ. ಗಂಟೆಗೆ 1ರಿಂದ 1.5 ಮೈಲಿ ವೇಗದಲ್ಲಿ ಎರೆಹುಳದ ಸ್ಪಿನ್ನರ್ ಎಳೆಯುವಾಗ ನನಗೆ ಇದೇ ಇಷ್ಟ. ಅಷ್ಟು ನಿಧಾನದಲ್ಲಿ ಜೆಟ್ ಸರಿಯಾಗಿ ಇಳಿಯದೆ ಒದ್ದಾಡುತ್ತದೆ. ವೇಗ 2 ಮೈಲಿ ದಾಟಿ ಸ್ಪೂನ್ ಕಟ್ಟಿದರೆ ಜೆಟ್ ಮತ್ತೆ ಮುಂದೆ.

ಮೂರಕ್ಕೂ ಲೈನ್ ಕೌಂಟರ್ ಇರುವ ರೀಲ್ ಬೇಕೇ ಬೇಕು. ಎಷ್ಟು ಅಡಿ ಬಿಟ್ಟಾಗ ಕಚ್ಚಿತು ಅಂತ ಗೊತ್ತಿಲ್ಲದಿದ್ದರೆ ಎರಡನೇ ಮೀನು ಬರೀ ಅದೃಷ್ಟ. ಡೈವರ್ ಹಿಂದಿನ ಲೀಡರ್ (ಅಲ್ಲಿಂದ ಗಾಳದವರೆಗಿನ ದಾರ) ರಾಡಿಗಿಂತ ಉದ್ದ ಇರಬಾರದು. ಡೈವರ್ ರಾಡಿನ ತುದಿಗೆ ಬಂದು ನಿಂತ ಮೇಲೆ ಮೀನು ಬಲೆಗೆ ಎಟುಕಬೇಕಲ್ವಾ?

ಎರಡೇ ಕೊಳ್ಳುತ್ತೇನೆ ಅನ್ನುವವರಿಗೆ ನನ್ನ ಮಾತು: ಒಂದು ಟ್ಯಾಡ್‌ಪೋಲ್, ಒಂದು ಜೆಟ್ 20. ಡಿಪ್ಸಿ ಆಮೇಲೆ ನೋಡೋಣ. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬರಿಗೆ ಮೂರು ಲೈನ್ ಹಾಕಲು ಬಿಡುತ್ತಾರೆ, ಅಲ್ಲಿಗೆ ಹೋಗುವವರು ಡಿಪ್ಸಿಯನ್ನೇ ಮೊದಲು ಕೊಳ್ಳಲಿ.

ಜೆಟ್ 30 ಬಗ್ಗೆ ಒಂದು ಮಾತು. ಮಿಲ್ ಲ್ಯಾಕ್ಸ್‌ನಲ್ಲಿ ವಾಲೈ ನಿಯಮ ಆಗಾಗ ಬದಲಾಗುತ್ತದೆ. ಹಿಡಿದದ್ದನ್ನೆಲ್ಲ ವಾಪಸ್ ಬಿಡಬೇಕಾದ ಕಾಲವೂ ಬಂದಿದೆ. ಆಳದಿಂದ ಎಳೆದು ತಂದ ಮೀನು, ಅದರಲ್ಲೂ ನೀರು ಬೆಚ್ಚಗಿರುವಾಗ, ಬಿಟ್ಟ ಮೇಲೂ ಬದುಕುವುದು ಕಷ್ಟ. ಅಂಥ ವಾರಗಳಲ್ಲಿ ನಾವು 30 ಅನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಬೆಳಗಿನ ಹೊತ್ತು ಜೆಟ್ 10 ಕಟ್ಟಿ ಕಡಿಮೆ ಆಳದಲ್ಲಿ ಎಳೆಯುತ್ತೇವೆ, ಬಿಸಿಲೇರುವಷ್ಟರಲ್ಲಿ ದಡಕ್ಕೆ ಬರುತ್ತೇವೆ.