ಹಿತ್ತಲಿಗೆ ಬಂದ ಬ್ಲೂಗ್ರಾಸ್ ತಂಡ: ಧಾರಾಳವಾಗಿ ಕರೆಸಿ

ಉತ್ತರ ಕೆರೊಲೈನಾದ ರಾಲಿ, ಕೇರಿ, ಡರಮ್ ಕಡೆ ಇರುವ ಕನ್ನಡದವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮಗಳ ಹೈಸ್ಕೂಲ್ ಗ್ರ್ಯಾಜುಯೇಷನ್ ಪಾರ್ಟಿಗೆ ಡಿಜೆ ಬೇಡ ಅಂದುಕೊಂಡು, ಇಲ್ಲಿನದೇ ಒಂದು ಹವ್ಯಾಸಿ ಬ್ಲೂಗ್ರಾಸ್ ತಂಡವನ್ನು ಮನೆಗೆ ಕರೆಸಿದೆವು. ಬ್ಲೂಗ್ರಾಸ್ ಅಂದರೆ ಬ್ಯಾಂಜೋ, ಫಿಡಲ್‌ನಂಥ ತಂತಿವಾದ್ಯಗಳ ಜೊತೆ ಹಾಡುವ, ಜನಪದದ ಸೊಗಡಿನ ಅಮೆರಿಕನ್ ಸಂಗೀತ. ಆರು ಜನ. ಮುಕ್ಕಾಲು ಮುಕ್ಕಾಲು ಗಂಟೆಯ ಎರಡು ಸೆಟ್. ಒಟ್ಟು 600 ಡಾಲರ್. ಯಾರೂ ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ. ಬೇಕಾದವರು ಕೇಳಿ, ನಂಬರ್ ಕೊಡುತ್ತೇನೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಬರೀ ಹಿನ್ನೆಲೆಗೆ ಒಂದಿಷ್ಟು ಸದ್ದು ಇರಲಿ ಅನ್ನೋರಿಗೆ ಇವರು ಬೇಡ. ಕೂತು ಕೇಳುವ ಮನಸ್ಸಿರಬೇಕು. ಈ ಆರು ಜನರೂ ಬೇರೆ ಬೇರೆ ಸಂಗೀತದಿಂದ ಬಂದವರು. ಯಾರು ಎಲ್ಲಿಂದ ಬಂದರು ಅಂತ ಗೊತ್ತಾದರೆ ಕೇಳುವ ಖುಷಿ ಇಮ್ಮಡಿ ಆಗುತ್ತೆ. ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಪಿಟೀಲು ಕಲಿತವಳು. ಸೆಟ್ ನಡುವೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ವಿಚಾರಿಸಿದೆ. ಅವರೂ ಸಂತೋಷದಿಂದ ಹೇಳಿದರು.

ಬ್ಯಾಂಜೋದವರಿಂದ ಶುರು ಮಾಡುತ್ತೇನೆ. ನಿವೃತ್ತ ಗಣಿತ ಮೇಷ್ಟ್ರು. ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವರು, ಐವತ್ತು ದಾಟಿದ ಮೇಲೆ ಬ್ಯಾಂಜೋ ಹಿಡಿದರಂತೆ. ತಂತಿ ಮೀಟೋಕೆ ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳು ಮತ್ತು ನಡುಬೆರಳಿಗೆ ಲೋಹದ ಪಿಕ್ ಸಿಕ್ಕಿಸಿಕೊಳ್ಳುತ್ತಾರೆ. ಐದು ತಂತಿಗಳಲ್ಲಿ ಒಂದು ಗಿಡ್ಡ. ಅದರ ಬಿರಡೆ ಕೊರಳಿನ ಮಧ್ಯದಲ್ಲೇ ಇರುತ್ತೆ. ಮೂರೇ ಬೆರಳು ಒಂದಾದ ಮೇಲೊಂದು ಉರುಳುತ್ತಾ ಹೋದ ಹಾಗೆ ಎಂಟೆಂಟು ಸ್ವರದ ಸುತ್ತು ಹುಟ್ಟುತ್ತೆ. ಕೇಳಿದರೆ ಹತ್ತು ಬೆರಳು ಆಡುತ್ತಿವೆ ಅನ್ನಿಸುತ್ತೆ.

ಈ ಬಾನಿಯನ್ನು ಜಗತ್ತಿಗೆ ಪರಿಚಯಿಸಿದ ಅರ್ಲ್ ಸ್ಕ್ರಗ್ಸ್ ನಮ್ಮ ಈ ರಾಜ್ಯದವರೇ. 1924ರಲ್ಲಿ ಹುಟ್ಟಿದ್ದು ಶೆಲ್ಬಿ ಹತ್ತಿರದ ಫ್ಲಿಂಟ್ ಹಿಲ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಶೆಲ್ಬಿಯ ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವರು. 1945ರ ಕೊನೆಗೆ ಕೆಂಟಕಿಯ ಬಿಲ್ ಮನ್ರೋ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡಕ್ಕೆ ಸೇರಿದರು. ಆ ತಂಡದ ಹೆಸರೇ ಮುಂದೆ ಇಡೀ ಸಂಗೀತದ ಹೆಸರಾಯಿತು. ಇದನ್ನೆಲ್ಲ ಮೇಷ್ಟ್ರು ಪಾಠದ ಥರ ಹೇಳಲಿಲ್ಲ, ನುಡಿಸಿ ತೋರಿಸುತ್ತಲೇ ಹೇಳಿದರು. ಬ್ಯಾಂಜೋದ ಮೂಲ ಆಫ್ರಿಕಾದ್ದು, ಗುಲಾಮರಾಗಿ ಬಂದವರು ಸೋರೆ ಬುರುಡೆಯಲ್ಲಿ ಮಾಡಿಕೊಂಡ ವಾದ್ಯದಿಂದ ಬಂದದ್ದು ಅನ್ನೋದನ್ನು ಮಕ್ಕಳಿಗೆ ಮರೆಯದೆ ಹೇಳಿದರು. ಅದು ನನಗೆ ತುಂಬಾ ಇಷ್ಟವಾಯಿತು.

ಫಿಡಲ್ (ನಮ್ಮ ಪಿಟೀಲೇ) ನುಡಿಸುವ ಹುಡುಗಿ ನರ್ಸ್. ನಾಲ್ಕನೇ ವಯಸ್ಸಿಗೆ, ಪುಟ್ಟ ಮಕ್ಕಳಿಗೆ ಕಲಿಸುವ ಜಪಾನಿನ ಸುಜುಕಿ ಪದ್ಧತಿಯಲ್ಲಿ ವಯಲಿನ್ ಶುರು ಮಾಡಿ, ಕಾಲೇಜಿನ ಆರ್ಕೆಸ್ಟ್ರಾವರೆಗೂ ಹೋದವಳು. ಅವಳ ಕಮಾನು ನೋಡಬೇಕು. ಎಲ್ಲೂ ಒಂದು ಗೀರು ಸದ್ದಿಲ್ಲ. ಮೂರು ಎಣಿಕೆಯ ನಿಧಾನದ ವಾಲ್ಟ್ಸ್ ಒಂದನ್ನು ನುಡಿಸಿದಾಗ ಕಮಾನನ್ನು ತುದಿಯಿಂದ ತುದಿಗೆ ಎಳೆದದ್ದು ಕೇಳಿ ಗೊತ್ತಾಯಿತು, ಇದು ಬೇರೆ ತರಬೇತಿ ಅಂತ. ಆದರೆ ಬ್ಲೂಗ್ರಾಸ್‌ಗೆ ಬಂದಾಗ ಅವಳಿಗೆ ಕಷ್ಟವಾಗಿದ್ದು ಕೈಯಲ್ಲ, ಕಿವಿಯಂತೆ. ಮುಂದೆ ಕಾಗದ ಇಲ್ಲದೆ, ತನ್ನ ಸರದಿ ಬಂದಾಗ ಅಲ್ಲೇ ಹೊಸದಾಗಿ ಕಟ್ಟಿ ನುಡಿಸಬೇಕಲ್ವಾ? ‘ನೀವು ಹೇಗೆ ಕಲಿತಿರಿ?’ ಅಂತ ನನ್ನನ್ನೇ ಕೇಳಿದಳು. ನಮ್ಮದು ಮೇಷ್ಟ್ರು ನುಡಿಸಿದ್ದನ್ನು ಕೇಳಿ ನುಡಿಸುವ ಪಾಠ, ಅಲ್ಲೇ ಹೊಸದಾಗಿ ಕಟ್ಟುವ ಮನೋಧರ್ಮ ಅದರ ಮೇಲೆ ಬರುತ್ತೆ ಅಂದೆ. ಅವಳು ತಂತಿಗಳನ್ನು ಕೂಡಿಸೋದು ಜಿ, ಡಿ, ಎ, ಇ ಸ್ವರಗಳಿಗೆ. ನಮ್ಮವು ಸ, ಪ, ಸ, ಪ. ನಾನು ನೆಲದ ಮೇಲೆ ಕೂತು, ಪಿಟೀಲಿನ ಸುರುಳಿಯನ್ನು ಬಲಗಾಲ ಪಾದಕ್ಕೆ ಆನಿಸಿ ತೋರಿಸಿದೆ. ಅವಳೂ ಪಕ್ಕದಲ್ಲೇ ಕೂತಳು. ಪಿಟೀಲಿನ ಕೊರಳು ಹಿಡಿಯುವ ಕೆಲಸದಿಂದ ಎಡಗೈಗೆ ಪೂರ್ತಿ ಬಿಡುಗಡೆ ಆದದ್ದು ನೋಡಿ, ತಂತಿಯ ಮೇಲೆ ಒಂದೇ ಬೆರಳನ್ನು ಮೇಲಿಂದ ಕೆಳಗೆ ಜಾರಿಸಿ, ಜೋರಾಗಿ ನಕ್ಕಳು.

ಇನ್ನು ಡೋಬ್ರೊ. ಗಿಟಾರಿನ ಥರವೇ ಇರುತ್ತೆ, ಹೊಟ್ಟೆಯ ಮೇಲೆ ದೊಡ್ಡ ಲೋಹದ ತಟ್ಟೆ. ಅಡ್ಡಡ್ಡ ಹಿಡಿದು, ಎಡಗೈಯಲ್ಲಿ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತಾರೆ. ಇದನ್ನು ನುಡಿಸಿದವರು ಮೊದಲು ಕಂಟ್ರಿ ಡ್ಯಾನ್ಸ್ ಬ್ಯಾಂಡುಗಳಲ್ಲಿ ಪೆಡಲ್ ಸ್ಟೀಲ್ (ಕಾಲಲ್ಲಿ ಪೆಡಲ್ ಒತ್ತುತ್ತಾ, ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್) ನುಡಿಸುತ್ತಿದ್ದವರು. ಅಳುವ ಹಾಗೆ ಎಳೆದು ಬಿಡುವ ಸ್ವರ ಅಲ್ಲಿಂದಲೇ ಬಂದದ್ದು. ನಮ್ಮ ಅಪ್ಪ ಮೈಸೂರಿನಿಂದ ಬಂದಿದ್ದರು, ಬಹಳ ವರ್ಷ ಮೃದಂಗ ನುಡಿಸಿದವರು. ‘ಅಯ್ಯೋ, ಇದು ಗೋಟುವಾದ್ಯ ಕಣಮ್ಮಾ!’ ಅಂದುಬಿಟ್ಟರು. ಗೋಟುವಾದ್ಯ ಅಂದರೆ ವೀಣೆಯಂಥದ್ದು, ಅದನ್ನೂ ಹೀಗೇ ತಂತಿಯ ಮೇಲೆ ತುಂಡು ಜಾರಿಸಿ ನುಡಿಸುತ್ತಾರೆ. ನಿಜಕ್ಕೂ ಗಮಕ ಕೇಳಿದ ಕಿವಿಗೆ ಆರು ವಾದ್ಯಗಳಲ್ಲಿ ಬೇಗ ಹತ್ತಿರವಾಗೋದು ಇದೇ.

ತಟ್ಟೆ ಯಾಕೆ ಅಂತ ಅಪ್ಪ ಕೇಳಿದರು. 1920ರ ದಶಕದಲ್ಲಿ ಗಿಟಾರಿನ ಸದ್ದು ದೊಡ್ಡ ಬ್ಯಾಂಡುಗಳ ನಡುವೆ ಕೇಳುತ್ತಿರಲಿಲ್ಲ. ಸ್ಲೊವಾಕಿಯಾದಿಂದ ಬಂದ ಜಾನ್ ಡೋಪ್ಯೆರಾ ಅದರೊಳಗೆ ತೆಳು ಅಲ್ಯೂಮಿನಿಯಂ ಕೋನ್ ಕೂರಿಸಿ ಸದ್ದು ಹೆಚ್ಚಿಸಿದರು. ಅಪ್ಪ ಕೂಡಲೇ ಪಿಟೀಲು ಚೌಡಯ್ಯನವರ ವಿಷಯ ತೆಗೆದರು. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲಿ ಅಂತ ಅವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡರಲ್ಲ, ಅದೇ ಕಾರಣ ಇದು. ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಡೋಬ್ರೊದವರು ಚೌಡಯ್ಯನವರ ಹೆಸರನ್ನು ಬರೆಸಿಕೊಂಡರು.

ಮ್ಯಾಂಡೊಲಿನ್ ಹುಡುಗ ಹೆವಿ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತದ ಗಿಟಾರಿನಿಂದ ಬಂದವನು. ವೇಗ ಭರ್ಜರಿ. ಒಂದೆರಡು ಹಾಡಲ್ಲಿ ಕಾಲಪ್ರಮಾಣ ಓಡಿಸಿಬಿಟ್ಟ, ಗಿಟಾರಿನವರು ತಿರುಗಿ ನೋಡಿ ಹಿಡಿದು ನಿಲ್ಲಿಸಬೇಕಾಯಿತು. ಆದರೆ ಈ ಸಂಗೀತದಲ್ಲಿ ಸಾಮಾನ್ಯವಾಗಿ ಡ್ರಮ್ಸ್ ಇರಲ್ಲ. ತಾಳದ ಭಾರ ಅವನ ಮೇಲೆ, ತಗ್ಗು ಸ್ವರದ ತಂತಿವಾದ್ಯವಾದ ಬೇಸ್ ಮೇಲೆ. ತಾಳದ ಪೆಟ್ಟು ಬಿದ್ದಾಗ ಬೇಸ್ ‘ಧುಂ’ ಅಂದರೆ, ಎದುರು ಪೆಟ್ಟು ಬಿದ್ದಾಗ ಮ್ಯಾಂಡೊಲಿನ್ ‘ಚಕ್’. ತಂತಿ ಮೀಟಿದ ತಕ್ಷಣ ಎಡಗೈ ಬೆರಳನ್ನು ಸಡಿಲ ಬಿಟ್ಟು ಸದ್ದನ್ನು ಕತ್ತರಿಸುತ್ತಾನೆ. ‘ಮೃದಂಗದವರು ಎಲ್ಲಮ್ಮಾ?’ ಅಂತ ಮೊದಲು ಹುಡುಕಿದ ಅಪ್ಪ, ಮೂರನೇ ಹಾಡಿನ ಹೊತ್ತಿಗೆ ತೊಡೆಯ ಮೇಲೆ ಆ ಚಕ್‌ಗೆ ಸರಿಯಾಗಿ ತಾಳ ಹಾಕುತ್ತಿದ್ದರು.

ಬೇಸ್ ಹುಡುಗಿ ಶಾಲೆಯ ಜಾಝ್ ಬ್ಯಾಂಡಿನವಳು. ಅಚ್ಚುಕಟ್ಟು.

ಗಿಟಾರ್ ನುಡಿಸಿ ಹಾಡುವವರು ಬೆಟ್ಟದ ಸೀಮೆಯವರು, ಡೀಪ್ ಗ್ಯಾಪ್ ಹತ್ತಿರ. ಕಣ್ಣು ಕಾಣದ ಮಹಾನ್ ಗಿಟಾರ್ ವಾದಕ ಡಾಕ್ ವಾಟ್ಸನ್ ಅವರ ಊರು ಅದು. ಇವರು ಸಂಗೀತ ಪಾಠಕ್ಕೆ ಹೋದವರೇ ಅಲ್ಲ. ಭಾನುವಾರ ಚರ್ಚಿನಲ್ಲಿ ಅಪ್ಪ ಅಮ್ಮನ ಮಧ್ಯೆ ನಿಂತು ಹಾಡಿದ್ದೇ ಪಾಠ. ಅಪ್ಪ ಕೆಳಗಿನ ಸ್ವರ, ಅಮ್ಮ ಮೇಲಿನ ಸ್ವರ, ಇವರದು ಮೂಲ ಮಟ್ಟು. ಒಬ್ಬರೇ ಹಾಡುತ್ತಿರುವಾಗ ಫಿಡಲ್ ಹುಡುಗಿ ಮೇಲಿನಿಂದ, ಬ್ಯಾಂಜೋ ಮೇಷ್ಟ್ರು ಕೆಳಗಿನಿಂದ ಬಂದು ಸೇರಿಕೊಂಡರು. ಒಂದೇ ಶ್ರುತಿ, ಒಂದೇ ಮಟ್ಟು ಕೇಳಿ ಬೆಳೆದ ನಮಗೆ ಮೂರು ಸ್ವರ ಒಟ್ಟಿಗೆ ನಿಲ್ಲುವ ಆ ಕ್ಷಣ ಮೈ ಜುಮ್ಮೆನಿಸುತ್ತೆ.

ಇವರೆಲ್ಲ ಒಟ್ಟು ಸೇರಿದ್ದು ರಾಲಿಯ ಬೀದಿಯಲ್ಲಂತೆ. 2013ರಿಂದ 2024ರವರೆಗೆ ಅಂತಾರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವಾರ್ಷಿಕ ಹಬ್ಬ ಇಲ್ಲೇ ನಡೆಯುತ್ತಿತ್ತು, ಆಮೇಲೆ ಟೆನೆಸ್ಸಿ ರಾಜ್ಯದ ಚಟನೂಗಾಕ್ಕೆ ಹೋಯಿತು. ಆಗ ಪರಿಚಯ ಇಲ್ಲದವರೂ ಹೋಟೆಲ್ ಲಾಬಿಯಲ್ಲಿ, ಫುಟ್‌ಪಾತಿನಲ್ಲಿ ಸುಮ್ನೆ ವೃತ್ತ ಕಟ್ಟಿ ನುಡಿಸುತ್ತಿದ್ದರು. ಹಾಗೆ ನಿಂತ ಒಂದು ವೃತ್ತ ಇದು.

ನಡುವೆ ಒಂದೇ ಮೈಕ್ ನಿಲ್ಲಿಸುತ್ತಾರೆ. ಯಾರ ಸರದಿಯೋ ಅವರು ಮುಂದೆ ಬರುತ್ತಾರೆ, ಉಳಿದವರು ಹಿಂದೆ ಸರಿದು ತಮ್ಮ ಸದ್ದನ್ನೂ ಇಳಿಸುತ್ತಾರೆ. ಆರು ಜನ ಒಬ್ಬರಿಗೊಬ್ಬರು ತಾಗದೆ ಹಾಗೆ ಹಿಂದೆ ಮುಂದೆ ಆಗುವುದನ್ನು ನೋಡುವುದೇ ಒಂದು ಚೆಂದ. ಟ್ರಂಪೆಟ್‌ನವರು, ಮೆಟಲ್‌ನವನು, ಆರ್ಕೆಸ್ಟ್ರಾದವಳು, ಎಲ್ಲರೂ ತಮ್ಮ ಹಳೆಯದನ್ನು ಬಿಟ್ಟಿಲ್ಲ, ಆದರೂ ಇನ್ನೊಬ್ಬರಿಗೆ ಜಾಗ ಬಿಡುತ್ತಾರೆ. ದೊಡ್ಡ ದೊಡ್ಡ ಕಛೇರಿಗಳಲ್ಲೂ ಇಷ್ಟು ಸಭ್ಯತೆ ಯಾವಾಗಲೂ ಸಿಗಲ್ಲ.

ಕೊರತೆಗಳೂ ಇವೆ. ಒಂದೇ ಮೈಕ್ ಆದ್ದರಿಂದ ಬೇಲಿ ಹತ್ತಿರ ಕೂತವರಿಗೆ ಹಾಡಿನ ಮಾತು ಕೇಳಿಸಲಿಲ್ಲ. ಜೂನ್ ತಿಂಗಳ ಸೆಕೆಗೆ ತಂತಿಗಳು ಶ್ರುತಿ ಬಿಟ್ಟು, ಹಾಡು ಹಾಡಿನ ಮಧ್ಯೆ ಕೂಡಿಸೋದು ಜಾಸ್ತಿ ಆಯಿತು. ಹಳೆಯ ಹಾಡುಗಳಲ್ಲಿ ಕೊಲೆ, ನದಿಗೆ ತಳ್ಳಿದ ಹುಡುಗಿ, ಇಂಥವು ಬಹಳ. ಚಿಕ್ಕ ಮಕ್ಕಳಿದ್ದಾರೆ ಅಂತ ಮೊದಲೇ ಹೇಳಿದರೆ ಪಟ್ಟಿ ಬದಲಿಸುತ್ತಾರೆ. ನಮಗೆ ಬದಲಿಸಿದರು, ಆದರೂ ಒಂದು ನುಸುಳಿತ್ತು.

ಕರೆಸುವವರು ನೆರಳಿರುವ ಜಾಗ ಕೊಡಿ, ಕೈ ಇಲ್ಲದ ಎರಡು ಕುರ್ಚಿ ಇಡಿ, ಕರೆಂಟಿಗೆ ಒಂದು ಎಕ್ಸ್‌ಟೆನ್ಷನ್ ಸಾಕು. ಮದ್ದೂರು ವಡೆ ಮಾಡಿದ್ದರೆ ಬೇಸ್ ಹುಡುಗಿಗೆ ಎತ್ತಿಡಿ. ಮನೆಯಲ್ಲಿ ಯಾರಾದರೂ ನುಡಿಸೋರಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ, ಎರಡನೇ ಸೆಟ್‌ನಲ್ಲಿ ಸೇರಿಸಿಕೊಳ್ಳುತ್ತಾರೆ. ನನ್ನನ್ನು ಸೇರಿಸಿಕೊಂಡಾಗ ಅವರು ಜಿ ಶ್ರುತಿಯಲ್ಲಿದ್ದರು. ‘ಮೋಹನ ರಾಗ ಹಿಡಿ, ಸರಿಹೋಗುತ್ತೆ’ ಅಂತ ಅಪ್ಪ ಹಿಂದಿನಿಂದ ಕೂಗಿದರು. ಸರಿಹೋಯಿತು. ಪಿಟೀಲು ನುಡಿಸುವವರು ಷಡ್ಜವನ್ನು ಮೊದಲೇ ಜಿ‌ಗೆ ಕೂಡಿಸಿ ಇಟ್ಟುಕೊಂಡಿರಿ, ಅವರು ಸರದಿ ಕೊಡುವಾಗ ಬರೀ ತಲೆಯಾಡಿಸುತ್ತಾರೆ, ಹೇಳಿ ಕಾಯುವುದಿಲ್ಲ.