ಸೀಗೇಟ್ ಬ್ಯಾರಾಕುಡಾ 8 ಟೆರಾಬೈಟ್: ಮಿತ ವಿದ್ಯುತ್ತಿನ ದೊಡ್ಡ ಉಗ್ರಾಣ

ಮನೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಸೇರಿಕೊಂಡ ಫೋಟೋ, ವಿಡಿಯೋಗಳನ್ನು ಒಂದೇ ಕಡೆ ಇಡಬಯಸುವವರಿಗೆ ಸೀಗೇಟ್ ಬ್ಯಾರಾಕುಡಾ ಸರಣಿಯ 8 ಟೆರಾಬೈಟ್ ಹಾರ್ಡ್ ಡಿಸ್ಕ್ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಇದರ ತಟ್ಟೆಗಳು ನಿಮಿಷಕ್ಕೆ 7200ರ ಬದಲು 5400 ಸುತ್ತು ಮಾತ್ರ ತಿರುಗುವುದರಿಂದ ಗಾಳಿಯ ತಡೆ ಕುಗ್ಗಿ, ಮೋಟಾರಿನ ಹೊರೆ ಇಳಿದು, ಕೆಲಸದ ವೇಳೆಯಲ್ಲೂ ಸರಾಸರಿ ಐದಾರು ವ್ಯಾಟ್ ವಿದ್ಯುತ್ ಸಾಕಾಗುತ್ತದೆ. ಬಿಸಿಯೂ ಸದ್ದೂ ಕಡಿಮೆ.

ಕೊಳ್ಳುವ ಮುನ್ನ ಅರಿಯಲೇಬೇಕಾದ ಸಂಗತಿಯೆಂದರೆ ಇದರ ಬರೆಯುವ ಕ್ರಮ. ಹೆಚ್ಚು ಮಾಹಿತಿಯನ್ನು ಹಿಡಿಸಲೆಂದು ಇದರಲ್ಲಿ ಎಸ್‌ಎಂಆರ್ (ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್) ತಂತ್ರವನ್ನು ಬಳಸಲಾಗಿದೆ. ಮಾಡಿನ ಹೆಂಚುಗಳಂತೆ, ತಟ್ಟೆಯಲ್ಲಿ ಮಾಹಿತಿ ಬರೆಯುವ ಒಂದು ಜಾಡಿನ ಅಂಚಿನ ಮೇಲೆ ಮತ್ತೊಂದು ಜಾಡು ಕೂರುತ್ತದೆ. ಹಾಗಾಗಿ ಹಳೆಯ ಕಡತವೊಂದನ್ನು ತಿದ್ದಬೇಕಾದರೆ ಪಕ್ಕದ ಜಾಡುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. 256 ಮೆಗಾಬೈಟ್ ಕ್ಯಾಶ್ (ವೇಗದ ತಾತ್ಕಾಲಿಕ ಮೆಮೊರಿ) ಮತ್ತು ತಟ್ಟೆಯಲ್ಲೇ ಮೀಸಲಿಟ್ಟ ತಾತ್ಕಾಲಿಕ ಜಾಗ ಈ ಶ್ರಮವನ್ನು ಸ್ವಲ್ಪ ಹೊತ್ತು ಮರೆಮಾಡುತ್ತವೆಯಾದರೂ, ನೂರಾರು ಗಿಗಾಬೈಟ್‌ಗಳನ್ನು ಒಂದೇ ಸಮನೆ ಸುರಿದಾಗ ವೇಗ ಗಣನೀಯವಾಗಿ ಕುಸಿಯಬಹುದು. ಓದುವ ಕೆಲಸಕ್ಕೆ ಈ ತೊಡಕಿಲ್ಲ. ಒಮ್ಮೆ ತುಂಬಿಸಿಟ್ಟು ಆಗಾಗ ನೋಡುವ ಸಂಗ್ರಹಕ್ಕೆ ಇದು ಹೇಳಿ ಮಾಡಿಸಿದಂತಿದೆ. ಹಲವು ಡ್ರೈವ್‌ಗಳನ್ನು ಜೋಡಿಸುವ ರೇಯ್ಡ್ ವ್ಯವಸ್ಥೆಗೆ ಮಾತ್ರ ನಾನು ಖಂಡಿತ ಸೂಚಿಸಲಾರೆ, ಏಕೆಂದರೆ ಕೆಟ್ಟ ಡ್ರೈವ್ ಬದಲಿಸಿ ಮರುಜೋಡಣೆ ಮಾಡುವಾಗ ಇದು ಬಹಳ ನಿಧಾನವಾಗುವ ಸಂಭವವಿದೆ.

ವಿಂಡೋಸ್‌ನಲ್ಲಿ ಇದರ ಗಾತ್ರ ಸುಮಾರು 7.27 ಟೆರಾಬೈಟ್ ಎಂದು ಕಂಡರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸವದು. ಆಪರೇಟಿಂಗ್ ಸಿಸ್ಟಮ್ಮನ್ನು ತಿರುಗುವ ತಟ್ಟೆಗಳಿಲ್ಲದ ವೇಗದ ಡ್ರೈವ್ ಆದ ಎಸ್‌ಎಸ್‌ಡಿಯಲ್ಲೇ ಇರಿಸಿ, ಇದನ್ನು ಸಂಗ್ರಹಕ್ಕಷ್ಟೇ ಬಳಸುವುದು ಲೇಸು. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.